ಸ್ಮಾರ್ಟ್ ಟಿ.ವಿ.ಯ ಸಾಫ್ಟ್‌ವೇರ್ ಅಪ್‌ಡೇಟ್: ಬೇಸಾಯಗಾರರು ತಿಳಿದಿರಬೇಕಾದ ಸಂಗತಿಗಳು

೧೯೭೫ನೆಯ ಇಸವಿ ಆಗಸ್ಟ್ ೧ರಂದು 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಇದರಲ್ಲಿ ಸೇರಿದ್ದವು. ನಮ್ಮ ರಾಜ್ಯದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಅವಕಾಶ ದೊರೆಯಿತು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ದೊಡ್ಡ ಆಂಟೆನಾ, ಊರಿಗೆಲ್ಲ ಸೇರಿ ಒಂದೇ ಟಿ.ವಿ. ಪೆಟ್ಟಿಗೆ. ಸಂಜೆ ಊರವರೆಲ್ಲ ಅದರ ಮುಂದೆ ಕುಳಿತು ಬೇಸಾಯದ ಪಾಠ ನೋಡುತ್ತಿದ್ದರು. ಪೆಟ್ಟಿಗೆ ಕೆಟ್ಟರೆ ಸರಿಪಡಿಸಲು ಬೇರೆ ತಂಡಗಳೇ ಇದ್ದವು.

ಈಗ ಟಿ.ವಿ. ನಮ್ಮ ಹೆಚ್ಚಿನ ಮನೆಗಳಲ್ಲಿದೆ. ಅದರಲ್ಲೂ ಈಚಿನ ವರ್ಷಗಳಲ್ಲಿ ಕೊಂಡವು ಬಹುಪಾಲು ಸ್ಮಾರ್ಟ್ ಟಿ.ವಿ.ಗಳೇ. ಚಂದನ ವಾಹಿನಿಯ ಕೃಷಿ ಕಾರ್ಯಕ್ರಮದ ಜೊತೆಗೆ ಯೂಟ್ಯೂಬಿನಲ್ಲಿ ರೋಗ, ಕೀಟ, ಯಂತ್ರೋಪಕರಣಗಳ ಚಿತ್ರಗಳನ್ನು ಬೇಕೆಂದಾಗ ದೊಡ್ಡದಾಗಿ ನೋಡಲು ಸಾಧ್ಯವಾಗಿದೆ. ಆದರೆ ನೋಡಿಕೊಳ್ಳುವ ತಂಡ ಈಗ ಇಲ್ಲ. ಆ ಕೆಲಸ ಮನೆಯವರಿಗೇ ಬಂದಿದೆ. "ಟಿ.ವಿ. ಚೆನ್ನಾಗಿಯೇ ಇದೆ, ಯೂಟ್ಯೂಬ್ ಮಾತ್ರ ಬರುವುದಿಲ್ಲ", "ಏನೋ ಅಪ್‌ಡೇಟ್ ಕೇಳುತ್ತದೆ, ಒತ್ತಬೇಕೋ ಬೇಡವೋ" ಎಂದು ಅನೇಕ ರೈತರು ತರಬೇತಿಗೆ ಬಂದಾಗ ಕೇಳುತ್ತಾರೆ. ಅವರಿಗಾಗಿ ಈ ಲೇಖನ.

ಸಾಫ್ಟ್‌ವೇರ್ ಎಂದರೇನು?

ಹಳೆಯ ಟಿ.ವಿ. ಬರಿಯ ಪೆಟ್ಟಿಗೆ. ಬಂದ ಸಂಕೇತವನ್ನು ಚಿತ್ರವಾಗಿ ತೋರಿಸುವುದಷ್ಟೇ ಅದರ ಕೆಲಸ. ಸ್ಮಾರ್ಟ್ ಟಿ.ವಿ.ಯೊಳಗೆ ನಿಮ್ಮ ಮೊಬೈಲಿನಲ್ಲಿ ಇರುವಂತೆಯೇ ಒಂದು ಚಿಕ್ಕ ಗಣಕಯಂತ್ರ ಇರುತ್ತದೆ. ಅದನ್ನು ನಡೆಸುವ ಸೂಚನೆಗಳ ಕಟ್ಟೇ ಸಾಫ್ಟ್‌ವೇರ್. ಇದರಲ್ಲಿ ಎರಡು ಬಗೆ. ಮೊದಲನೆಯದು ಇಡೀ ಟಿ.ವಿ.ಯನ್ನು ನಡೆಸುವ ಮೂಲ ಸಾಫ್ಟ್‌ವೇರ್. ಸ್ಯಾಮ್‌ಸಂಗ್ ಟಿ.ವಿ.ಗಳಲ್ಲಿ ಇದಕ್ಕೆ ಟೈಜನ್ ಎಂದೂ, ಎಲ್‌ಜಿಯಲ್ಲಿ ವೆಬ್‌ಓಎಸ್ ಎಂದೂ, ಇನ್ನುಳಿದ ಅನೇಕ ಕಂಪನಿಗಳ ಟಿ.ವಿ.ಗಳಲ್ಲಿ ಆಂಡ್ರಾಯ್ಡ್ ಟಿ.ವಿ. ಅಥವಾ ಗೂಗಲ್ ಟಿ.ವಿ. ಎಂದೂ ಹೆಸರು. ಎರಡನೆಯದು ಅದರ ಮೇಲೆ ಕೂರುವ ಯೂಟ್ಯೂಬ್ ಮುಂತಾದ ಆ್ಯಪ್‌ಗಳು. ಎರಡಕ್ಕೂ ಬೇರೆಬೇರೆಯಾಗಿ ಅಪ್‌ಡೇಟ್ ಬರುತ್ತವೆ. ಆ್ಯಪ್ ಅಪ್‌ಡೇಟಿನಲ್ಲಿ ಅಪಾಯ ಬಹಳ ಕಡಿಮೆ. ಎಚ್ಚರ ಬೇಕಾದುದು ಮೂಲ ಸಾಫ್ಟ್‌ವೇರ್ ಬದಲಾಯಿಸುವಾಗ.

ಅಪ್‌ಡೇಟ್ ಮಾಡದಿದ್ದರೆ?

ಕೂಡಲೇ ಏನೂ ಆಗುವುದಿಲ್ಲ. ಆದುದರಿಂದಲೇ ಇದನ್ನು ಹೆಚ್ಚಿನವರು ಅಲಕ್ಷಿಸುತ್ತಾರೆ. ಟಿ.ವಿ. ಹಾಗೆಯೇ ಇರುತ್ತದೆ, ಆದರೆ ಆಚೆ ಕಡೆ, ಅಂದರೆ ಚಿತ್ರ ಕಳಿಸುವ ಕಡೆ, ವ್ಯವಸ್ಥೆ ಬದಲಾಗುತ್ತ ಹೋಗುತ್ತದೆ. ೨೦೧೫ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ಪದ್ಧತಿಯನ್ನು ನಿಲ್ಲಿಸಿತು. ೨೦೧೨ ಮತ್ತು ಅದಕ್ಕೂ ಹಿಂದಿನ ಅನೇಕ ಟಿ.ವಿ.ಗಳಲ್ಲಿ ಆ ಆ್ಯಪ್ ಅಂದಿಗೆ ಮುಗಿಯಿತು. ಪೆಟ್ಟಿಗೆಯಲ್ಲಿ ದೋಷವೇನೂ ಇರಲಿಲ್ಲ.

ಇನ್ನೊಂದು ಕಾರಣ ಸ್ವಲ್ಪ ಒಳಗಿನದು. ನೀವು ಪ್ರಮಾಣಿತ ಬೀಜ ಕೊಳ್ಳುವಾಗ ಚೀಲದ ನೀಲಿ ಚೀಟಿಯನ್ನೂ ಅದರ ಮೇಲಿನ ಅವಧಿಯನ್ನೂ ನೋಡುತ್ತೀರಷ್ಟೆ. ಟಿ.ವಿ.ಯೂ ಹಾಗೆಯೇ, ತಾನು ಸಂಪರ್ಕಿಸುವ ತಾಣ ನಿಜವಾದುದೇ ಎಂದು ಒಂದು ಪ್ರಮಾಣಪತ್ರವನ್ನು ನೋಡಿಯೇ ಒಳಬಿಡುತ್ತದೆ. ಆ ಪ್ರಮಾಣಪತ್ರಗಳಿಗೂ ಅವಧಿ ಉಂಟು. ಬಹಳ ಬಳಕೆಯಲ್ಲಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ೨೦೨೧ರ ಸೆಪ್ಟೆಂಬರ್ ೩೦ಕ್ಕೆ ಮುಗಿಯಿತು. ಹೊಸದನ್ನು ಅಪ್‌ಡೇಟಿನ ಮೂಲಕ ಪಡೆಯದಿದ್ದ ಎಷ್ಟೋ ಹಳೆಯ ಸಾಧನಗಳು ಅನೇಕ ತಾಣಗಳನ್ನು ತೆರೆಯಲಾರದೆ ಹೋದವು.

ಇಲ್ಲಿಯೇ ಒಂದು ಉಪಯುಕ್ತ ವಿಷಯ ಹೇಳಬೇಕು. ಹಲವು ಬಾರಿ ಕರೆಂಟು ಹೋಗಿ ಬಂದ ಮೇಲೆ ಕೆಲವು ಟಿ.ವಿ.ಗಳಲ್ಲಿ ದಿನಾಂಕ ತಪ್ಪಿಹೋಗುತ್ತದೆ. ದಿನಾಂಕ ಹತ್ತು ವರ್ಷ ಹಿಂದೆ ಹೋದರೆ ಟಿ.ವಿ.ಗೆ ಎಲ್ಲ ಪ್ರಮಾಣಪತ್ರಗಳೂ ಅಸಿಂಧುವಾಗಿ ಕಾಣುತ್ತವೆ. ಇಂಟರ್‌ನೆಟ್ ಇದ್ದೂ ಯೂಟ್ಯೂಬ್ ಬರುವುದಿಲ್ಲ. ಇದಕ್ಕೆ ಅಪ್‌ಡೇಟೂ ಬೇಡ, ಮೆಕ್ಯಾನಿಕ್ಕೂ ಬೇಡ. ಸೆಟ್ಟಿಂಗ್ಸ್‌ನಲ್ಲಿ 'ಡೇಟ್ ಅಂಡ್ ಟೈಮ್' ಎಂಬಲ್ಲಿಗೆ ಹೋಗಿ ಸಮಯವನ್ನು ತಾನಾಗಿಯೇ ಪಡೆಯುವಂತೆ ಇಟ್ಟರೆ ಸಾಕು. ಹಾಗೂ ಸರಿಹೋಗದಿದ್ದರೆ ದಿನಾಂಕವನ್ನು ಕೈಯಿಂದಲೇ ತುಂಬಬಹುದು. ಬೇರೆ ಏನು ಮಾಡುವುದಕ್ಕೂ ಮುಂಚೆ ಇದನ್ನು ನೋಡಿರಿ. ಇಷ್ಟನ್ನೇ ಮಾಡಿ ಇನ್ನೂರು ಮುನ್ನೂರು ರೂಪಾಯಿ ಪಡೆಯುವವರು ಪೇಟೆಯಲ್ಲಿದ್ದಾರೆ.

ಕರೆಂಟಿನ ವಿಷಯ

ಅಪ್‌ಡೇಟಿನಲ್ಲಿ ಎರಡು ಹಂತಗಳಿವೆ ಎಂಬುದನ್ನು ಚೆನ್ನಾಗಿ ಗಮನದಲ್ಲಿಡಬೇಕು. ಮೊದಲು ಹೊಸ ಸಾಫ್ಟ್‌ವೇರ್ ಇಳಿದು ಬರುವುದು, ಅಂದರೆ ಡೌನ್‌ಲೋಡ್. ಆಮೇಲೆ ಅದು ಹಳೆಯದರ ಜಾಗದಲ್ಲಿ ಕೂರುವುದು, ಅಂದರೆ ಇನ್‌ಸ್ಟಾಲ್. ಮೊದಲನೆಯ ಹಂತದಲ್ಲಿ ಕರೆಂಟು ಹೋದರೆ ನಷ್ಟವಿಲ್ಲ, ಪುನಃ ಮಾಡಬಹುದು. ಎರಡನೆಯ ಹಂತದಲ್ಲಿ ಹೋದರೆ ಹಳೆಯದು ಅರ್ಧ ಅಳಿಸಿ, ಹೊಸದು ಅರ್ಧ ಬರೆದು, ಟಿ.ವಿ. ಕಂಪನಿಯ ಗುರುತನ್ನು ತೋರಿಸುತ್ತ ಅಲ್ಲಿಯೇ ನಿಂತುಬಿಡಬಹುದು. ಹಳೆಯ ಪ್ರತಿಯನ್ನು ಹಾಗೆಯೇ ಉಳಿಸಿಕೊಂಡು ಬೇರೆ ಜಾಗದಲ್ಲಿ ಹೊಸದನ್ನು ಬರೆಯುವ ವ್ಯವಸ್ಥೆ ಈಚಿನ ಕೆಲವು ಟಿ.ವಿ.ಗಳಲ್ಲಿದೆ. ನಿಮ್ಮದರಲ್ಲಿ ಅದು ಇದೆಯೆಂದು ನಂಬಿ ಕೂರುವುದು ಸರಿಯಲ್ಲ.

ಇದನ್ನು ಈ ಲೇಖಕ ಪುಸ್ತಕದಿಂದ ಕಲಿತದ್ದಲ್ಲ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಂಡುಬಂದದ್ದು ೨೦೧೮ರಲ್ಲಿ, ನಮ್ಮ ಕರ್ನಾಟಕದಲ್ಲಿಯೇ ಎಂಬುದು ತಮಗೆ ತಿಳಿದ ವಿಷಯ. ಅದಾದ ಮರುವರ್ಷದ ಮುಂಗಾರಿನಲ್ಲಿ ಒಂದು ಹಳ್ಳಿಯಲ್ಲಿ ಆ ಹುಳುವಿನ ಬಗ್ಗೆ ಚಿತ್ರ ತೋರಿಸಲು ಸಂಘದ ಕಟ್ಟಡದ ಟಿ.ವಿ. ಹಾಕಿದೆವು. ಪರದೆಯ ಮೇಲೆ ಅಪ್‌ಡೇಟ್ ಸೂಚನೆ ಬಂತು. ಜನ ಇನ್ನೂ ಸೇರುತ್ತಿದ್ದರು. ಐದು ನಿಮಿಷದ ಕೆಲಸವೆಂದು ನಾನೇ ಒತ್ತಿದೆ. ಮುಕ್ಕಾಲು ಪಾಲು ಆಗಿತ್ತು, ಕರೆಂಟು ಹೋಯಿತು. ಮತ್ತೆ ಬಂದಾಗ ಟಿ.ವಿ. ಮೇಲೇಳಲಿಲ್ಲ. ಕೂಲಿ ಬಿಟ್ಟು ಬಂದಿದ್ದ ಹೆಣ್ಣುಮಕ್ಕಳು ಅರ್ಧ ಗಂಟೆ ಕಾದರು. "ಹುಳ ನಿಮ್ ಟೀವಿಗಂತ ಕಾಯ್ಕಂಡು ಕೂರಲ್ಲ ಸ್ವಾಮಿ, ಹೊಲಕ್ಕೇ ಬನ್ನಿ" ಎಂದು ಒಬ್ಬ ಅಜ್ಜಿ ಹೇಳಿದರು. ಮಾತು ನಿಜ. ಎಲೆ ಕೆರೆದು ತಿನ್ನುವ ಮರಿಹುಳುವಿನ ಹಂತ ದಾಟಿ ಅದು ಸುಳಿಯೊಳಗೆ ಇಳಿದ ಮೇಲೆ ಔಷಧಿ ತಾಗುವುದು ಕಷ್ಟ. ಅಂದು ಹೊಲಕ್ಕೇ ಹೋಗಿ ಸುಳಿ ಬಿಡಿಸಿ ತೋರಿಸಿದೆವು, ಪಾಠ ನಡೆಯಿತು. ಆದರೆ ವಾರಂಟಿ ಮುಗಿದಿದ್ದ ಆ ಟಿ.ವಿ.ಗೆ ಮೇನ್ ಬೋರ್ಡ್ ಬದಲಿಸಬೇಕಾಯಿತು. ಹೊಸ ಪೆಟ್ಟಿಗೆಯ ಬೆಲೆಯ ಮೂರನೆಯ ಒಂದು ಪಾಲಿನಷ್ಟು ಖರ್ಚು ಬಿತ್ತು.

ಊರೊಳಗಿನ ಮನೆಗಳಿಗೆ ಅನೇಕ ಕಡೆ ಬೇರೆ ಲೈನ್ ಆಗಿರುವುದರಿಂದ ಅಷ್ಟು ತೊಂದರೆಯಿಲ್ಲ. ಪಂಪ್‌ಸೆಟ್ ಲೈನಿನ ಮೇಲೆಯೇ ಇರುವ ತೋಟದ ಮನೆಯವರು ವಿಶೇಷವಾಗಿ ಎಚ್ಚರ ವಹಿಸಬೇಕು. ತ್ರೀಫೇಸ್ ಕೊಡುವ, ತೆಗೆಯುವ ಹೊತ್ತು ನಿಮಗೆ ಗೊತ್ತೇ ಇರುತ್ತದೆ. ಆ ಬದಲಾವಣೆಯ ಸಮಯದ ಆಸುಪಾಸಿನಲ್ಲಿ ಅಪ್‌ಡೇಟಿಗೆ ಕೈಹಾಕಬೇಡಿ. ಗುಡುಗು ಮಿಂಚಿನ ಸಂಜೆಯಲ್ಲಂತೂ ಬೇಡವೇ ಬೇಡ. ಅಂಥ ಹೊತ್ತಿನಲ್ಲಿ ಪ್ಲಗ್ಗನ್ನೇ ಕಿತ್ತಿಡುವುದು ಒಳ್ಳೆಯದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಟಿ.ವಿ.ಯನ್ನೂ ವೈಫೈ ಪೆಟ್ಟಿಗೆಯನ್ನೂ ಅದರ ಲೈನಿಗೆ ಹಾಕಿ ಅಪ್‌ಡೇಟ್ ಮಾಡಿ. ೩೨ ಇಂಚಿನ ಎಲ್‌ಇಡಿ ಟಿ.ವಿ. ಬಳಸುವುದು ಸುಮಾರು ೪೦ರಿಂದ ೬೦ ವಾಟ್ ಮಾತ್ರ. ಇನ್‌ಸ್ಟಾಲ್ ಆಗಲು ಬೇಕಾದದ್ದು ಸಾಮಾನ್ಯವಾಗಿ ಹತ್ತರಿಂದ ಮೂವತ್ತು ನಿಮಿಷ. ಬ್ಯಾಟರಿಗೆ ಇದು ಭಾರವಲ್ಲ.

ಮಾಡುವ ವಿಧಾನ

ಸ್ಯಾಮ್‌ಸಂಗ್ ಟಿ.ವಿ.ಯಲ್ಲಿ ಸೆಟ್ಟಿಂಗ್ಸ್ ತೆರೆದು 'ಸಪೋರ್ಟ್', ಅದರೊಳಗೆ 'ಸಾಫ್ಟ್‌ವೇರ್ ಅಪ್‌ಡೇಟ್', ಅಲ್ಲಿ 'ಅಪ್‌ಡೇಟ್ ನೌ' ಒತ್ತಬೇಕು. ಎಲ್‌ಜಿಯಲ್ಲಿಯೂ 'ಸಪೋರ್ಟ್' ಅಥವಾ 'ಜನರಲ್' ಎಂಬುದರ ಕೆಳಗೆ ಇದೇ ಹೆಸರು ಸಿಗುತ್ತದೆ. ಆಂಡ್ರಾಯ್ಡ್ ಟಿ.ವಿ.ಗಳಲ್ಲಿ 'ಡಿವೈಸ್ ಪ್ರಿಫರೆನ್ಸಸ್' ಅಥವಾ 'ಸಿಸ್ಟಮ್' ಎಂಬುದರೊಳಗೆ 'ಅಬೌಟ್' ಇರುತ್ತದೆ. 'ಸಿಸ್ಟಮ್ ಅಪ್‌ಡೇಟ್' ಅದರಲ್ಲಿದೆ. ಮಾದರಿಯಿಂದ ಮಾದರಿಗೆ ಮಾತು ಸ್ವಲ್ಪ ಬೇರೆಯಾಗಬಹುದು, ದಾರಿ ಹೆಚ್ಚುಕಡಿಮೆ ಒಂದೇ. ಒಮ್ಮೆ ಶುರುವಾದ ಮೇಲೆ ಪರದೆ ಕಪ್ಪಾದರೂ, ಟಿ.ವಿ. ತಾನೇ ಆರಿ ಹತ್ತಿದರೂ ಗಾಬರಿಯಾಗಬಾರದು. ರಿಮೋಟನ್ನು ಮಕ್ಕಳ ಕೈಗೆ ಕೊಡದೆ ಪಕ್ಕಕ್ಕಿಡಿ.

ಮೂಲ ಸಾಫ್ಟ್‌ವೇರಿನ ಗಾತ್ರ ಕೆಲವು ನೂರು ಎಂ.ಬಿ.ಯಿಂದ ಒಂದು ಜಿ.ಬಿ.ಗೂ ಮೇಲೆ ಇರಬಹುದು. ಮೊಬೈಲಿನ ಹಾಟ್‌ಸ್ಪಾಟಿನಿಂದ ಮಾಡುವವರು ದಿನದ ಡೇಟಾ ಲೆಕ್ಕ ನೋಡಿಕೊಳ್ಳಬೇಕು. ದಿನಕ್ಕೆ ಒಂದೂವರೆ ಜಿ.ಬಿ. ಇರುವ ಪ್ಯಾಕಿನಲ್ಲಿ ಮಧ್ಯಾಹ್ನದವರೆಗೆ ಮಕ್ಕಳು ಆಡಿ ಮುಗಿಸಿದ್ದರೆ ಸಂಜೆಯ ಡೌನ್‌ಲೋಡ್ ತೆವಳುತ್ತದೆ. ಬೆಳಗಿನ ಜಾವ, ಹಾಲು ಕರೆಯಲು ಎದ್ದ ಹೊತ್ತಿನಲ್ಲಿ, ಡೇಟಾವೂ ಹೊಸದು, ಸಿಗ್ನಲ್ಲೂ ಚುರುಕು.

ಇನ್ನು ತಾನಾಗಿಯೇ ಅಪ್‌ಡೇಟ್ ಆಗುವಂತೆ ಇಡಬೇಕೆ ಎಂಬ ಪ್ರಶ್ನೆ. ಕಂಪನಿಗಳು ಇಡಿರೆಂದೇ ಹೇಳುತ್ತವೆ. ಕರೆಂಟು ನಿಲ್ಲುವ ಊರಿನಲ್ಲಿದ್ದವರು ಆ್ಯಪ್‌ಗಳಿಗೆ ಮಾತ್ರ ತಾನಾಗಿ ಆಗುವಂತೆ ಬಿಟ್ಟು, ಮೂಲ ಸಾಫ್ಟ್‌ವೇರನ್ನು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ತಾವೇ ನೋಡಿ ಮಾಡುವುದು ಮೇಲು ಎಂದು ನನ್ನ ಅಭಿಪ್ರಾಯ. ಮರೆಯುವ ಸ್ವಭಾವದವರು ಕಂಪನಿಯ ಮಾತನ್ನೇ ಕೇಳಲಿ.

ಜಾಗ ಸಾಲದು ಎಂಬ ಸೂಚನೆ ಬಂದರೆ ಬೇಡದ ಆಟದ ಆ್ಯಪ್‌ಗಳನ್ನು ತೆಗೆದುಹಾಕಿ. ಕಡಿಮೆ ಬೆಲೆಯ ಟಿ.ವಿ.ಗಳಲ್ಲಿ ಒಟ್ಟು ಇರುವುದೇ ೮ ಜಿ.ಬಿ. ಜಾಗ. ಅದರಲ್ಲಿ ದೊಡ್ಡ ಪಾಲು ಮೂಲ ಸಾಫ್ಟ್‌ವೇರಿಗೇ ಹೋಗಿರುತ್ತದೆ.

ಇಂಟರ್‌ನೆಟ್ ಇಲ್ಲದ ಕಡೆ

ಪೆನ್‌ಡ್ರೈವ್ ಮೂಲಕವೂ ಅಪ್‌ಡೇಟ್ ಮಾಡಬಹುದು. ಟಿ.ವಿ.ಯ ಹಿಂಭಾಗದ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳಿ. ಕಂಪನಿಯ ಸ್ವಂತ ತಾಣದಲ್ಲಿ ಆ ನಂಬರಿಗೆ ಕೊಟ್ಟಿರುವ ಫೈಲನ್ನು ಮಾತ್ರ ಇಳಿಸಿಕೊಳ್ಳಬೇಕು. ಪೆನ್‌ಡ್ರೈವ್ 'ಫ್ಯಾಟ್ ೩೨' ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಹೆಚ್ಚಿನ ಟಿ.ವಿ.ಗಳು ಓದುತ್ತವೆ. ಸ್ಯಾಮ್‌ಸಂಗ್ ಫೈಲನ್ನು ಬಿಚ್ಚಿ ಪೆನ್‌ಡ್ರೈವಿನಲ್ಲಿ ಯಾವ ಫೋಲ್ಡರಿನೊಳಗೂ ಹಾಕದೆ ನೇರವಾಗಿ ಇಡಬೇಕು. ಎಲ್‌ಜಿಗೆ 'ಎಲ್‌ಜಿ ಅಂಡರ್‌ಸ್ಕೋರ್ ಡಿಟಿವಿ' ಎಂಬ ಹೆಸರಿನ ಫೋಲ್ಡರ್ ಮಾಡಿ ಅದರೊಳಗೆ ಇಡಬೇಕು. ಪೇಟೆಗೆ ಹೋದಾಗ ಓದುವ ಮಕ್ಕಳಿಂದ ಇದನ್ನು ಮಾಡಿಸಿಕೊಂಡು ಬರಬಹುದು. ಅಪ್‌ಡೇಟ್ ಮುಗಿಯುವ ಮೊದಲು ಪೆನ್‌ಡ್ರೈವ್ ಕೀಳಬಾರದು.

ಮೋಸದ ಬಗ್ಗೆ

ಟಿ.ವಿ. ಅಪ್‌ಡೇಟಿಗೆ ಕಂಪನಿ ಹಣ ಕೇಳುವುದಿಲ್ಲ. "ನಿಮ್ಮ ಟಿ.ವಿ. ಲೈಸೆನ್ಸ್ ಮುಗಿದಿದೆ, ಇಷ್ಟು ಕಳಿಸಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ಕಿಸಾನ್ ಸಮ್ಮಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪಿನಲ್ಲಿ ಹರಿದಾಡಿದ ಎಪಿಕೆ ಫೈಲುಗಳನ್ನು ಒತ್ತಿ ಹಣ ಕಳೆದುಕೊಂಡವರಿದ್ದಾರೆ. ಅಂಥ ಫೈಲು ಟಿ.ವಿ.ಗೂ ಬೇಡ. ಪುಕ್ಕಟೆ ಸಿನಿಮಾ ತೋರಿಸುತ್ತದೆಂದು ಹುಡುಗರು ಹಾಕಲು ಬಂದರೂ ಬೇಡವೆನ್ನಿ. ಸಾಧ್ಯವಾದರೆ ಟಿ.ವಿ.ಗೆ ಬೇರೆಯೇ ಗೂಗಲ್ ಖಾತೆ ಮಾಡಿಸಿ. ಫೋನ್‌ಪೇ, ಬ್ಯಾಂಕು ಇರುವ ಮೊಬೈಲಿನ ಖಾತೆಯನ್ನೇ ಟಿ.ವಿ.ಗೂ ಕೊಡುವುದು ಒಳಿತಲ್ಲ.

ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳನ್ನು ಸಂತೆಯಲ್ಲಿ, ಆನ್‌ಲೈನಿನಲ್ಲಿ ಮಾರುತ್ತಾರೆ. ಅವುಗಳಿಗೆ ಅಪ್‌ಡೇಟ್ ಕೊಡುವವರೇ ಇರುವುದಿಲ್ಲ. ಇಂಥ ಸುಮಾರು ೧೩ ಲಕ್ಷ ಪೆಟ್ಟಿಗೆಗಳಿಗೆ ೧೯೭ ದೇಶಗಳಲ್ಲಿ 'ವಾಯ್ಡ್' ಎಂಬ ಕುತಂತ್ರಾಂಶ ಹೊಕ್ಕಿರುವುದನ್ನು ೨೦೨೪ರ ಸೆಪ್ಟೆಂಬರಿನಲ್ಲಿ ತಜ್ಞರು ಪ್ರಕಟಿಸಿದರು. ೨೦೨೫ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಇಂಥ ಪೆಟ್ಟಿಗೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಅಪ್‌ಡೇಟೇ ಬರದ ಹಳೆಯ ಟಿ.ವಿ.

ಯಾವ ಕಂಪನಿಯೂ ಕೊನೆಯವರೆಗೆ ಅಪ್‌ಡೇಟ್ ಕೊಡುವುದಿಲ್ಲ. ಈಚಿನ ಹಲವು ಮಾದರಿಗಳಿಗೆ ಸ್ಯಾಮ್‌ಸಂಗ್ ೭ ವರ್ಷ, ಎಲ್‌ಜಿ ೫ ವರ್ಷ ಹೊಸ ಸಾಫ್ಟ್‌ವೇರ್ ಕೊಡುವುದಾಗಿ ಹೇಳಿವೆ. ಹೊಸದು ಕೊಳ್ಳುವಾಗ ಅಂಗಡಿಯವರನ್ನು ಪರದೆಯ ಅಳತೆಯ ಜೊತೆಗೆ ಇದನ್ನೂ ಕೇಳಿ.

ಹಳೆಯದಾಯಿತೆಂದು ಒಳ್ಳೆಯ ಪರದೆಯನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ. ಎಚ್‌ಡಿಎಂಐ ಕಿಂಡಿ ಇದ್ದರೆ ಹೆಸರಾಂತ ಕಂಪನಿಯ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಕೆಲವು ಸಾವಿರ ರೂಪಾಯಿಗೆ ಕೊಂಡು ಚುಚ್ಚಿದರೆ ಆಯಿತು. ಆಮೇಲೆ ಅಪ್‌ಡೇಟ್ ಆಗಬೇಕಾದದ್ದು ಸ್ಟಿಕ್ಕೇ ಹೊರತು ಟಿ.ವಿ.ಯಲ್ಲ. ಹಳೆಯ ಟಿ.ವಿ.ಯ ವೈಫೈ ಆಗ ಆರಿಸಿಡಬಹುದು. ಡಿಶ್ ಪೆಟ್ಟಿಗೆಯಿಂದ ಬರುವ ಚಂದನ ವಾಹಿನಿಗೆ ಇದಾವುದರಿಂದಲೂ ತೊಂದರೆಯಿಲ್ಲ, ಅದು ಮೊದಲಿನಂತೆಯೇ ಬರುತ್ತದೆ.

ಮಾಡೆಲ್ ನಂಬರ್, ಕೊಂಡ ದಿನ, ಕೊನೆಯ ಅಪ್‌ಡೇಟಿನ ದಿನ ಮತ್ತು 'ಅಬೌಟ್' ಪುಟದಲ್ಲಿ ಕಾಣುವ ಸಾಫ್ಟ್‌ವೇರ್ ಸಂಖ್ಯೆಯನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಸರ್ವೀಸ್ ಸೆಂಟರಿಗೆ ಫೋನ್ ಮಾಡಿದರೆ ಅವರು ಮೊದಲು ಕೇಳುವುದು ಇವನ್ನೇ.