65,535ರ ಗೋಡೆ: ಲಿನಕ್ಸ್ ತನ್ನ ಯೂಸರ್ ನಂಬರ್ ಅಗಲ ಮಾಡಿದ್ದು ಹೆಂಗ?

ಲ್ಯಾಬ್‌ನಲ್ಲಿ ಲಿನಕ್ಸ್‌ಗೆ ಲಾಗಿನ್ ಆಗುವಾಗ ನಾವು ಹೆಸರು ಕೊಡ್ತೀವಿ. ಆದ್ರ ಕರ್ನಲ್‌ಗೆ ಆ ಹೆಸರು ಬೇಕಾಗಿಲ್ಲ. ಅದಕ್ಕೆ ಬೇಕಾಗಿರೋದು ಒಂದು ನಂಬರ್. ಅದೇ ಯೂಸರ್ ಐಡಿ, ಅಂದ್ರ ಯುಐಡಿ. ಈ ಫೈಲ್ ಯಾರದು, ಈ ಪ್ರೋಸೆಸ್ ಯಾರದು, ಯಾರು ಏನು ಮುಟ್ಟಬಹುದು ಎಂಬುದೆಲ್ಲ ಈ ನಂಬರ್ ಮೇಲೆ ನಿಂತಿದೆ. ರೂಟ್‌ನ ನಂಬರ್ 0. ಉಬುಂಟುವಿನಲ್ಲಿ ಮೊದಲ ಸಾಮಾನ್ಯ ಯೂಸರ್‌ಗೆ 1000.

ಲಿನಕ್ಸ್ 2.2ರವರೆಗೆ ಈ ನಂಬರ್‌ಗೆ ಇದ್ದ ಜಾಗ 16 ಬಿಟ್. ಅಂದ್ರ 0ಯಿಂದ 65,535. ಮನೆ ಕಂಪ್ಯೂಟರ್‌ಗೆ ಇದು ಸಾಕು. ಆದ್ರ ಒಂದು ದೊಡ್ಡ ಯೂನಿವರ್ಸಿಟಿಯ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ವ್ಯವಸ್ಥೆಯಲ್ಲಿ ನಂಬರ್ ಕೊಡಬೇಕಂದ್ರ? ಪಾಸಾಗಿ ಹೋದವರ ನಂಬರನ್ನು ಹೊಸಬರಿಗೆ ಕೊಡೋಹಂಗೂ ಇಲ್ಲ. ಕೊಟ್ಟರೆ ಅವರು ಬಿಟ್ಟುಹೋದ ಫೈಲೆಲ್ಲ ಹೊಸಬರದಾಗ್ತವೆ.

ಕೆಎ-26ರ ಪಾಠ

ಈ ಸಮಸ್ಯೆ ನಮ್ಮ ಗಾಡಿ ನಂಬರ್ ಪ್ಲೇಟ್‌ನಲ್ಲೇ ಇದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಕ್ಕೂ ಒಂದೇ ಕೋಡ್: ಕೆಎ-26. ಮುಂದೆ ನಾಲ್ಕು ಅಂಕಿ. 9999 ಮುಗಿದರೆ ಏನು ಮಾಡೋದು? ನಡುವೆ ಅಕ್ಷರ ಸೇರಿಸ್ತಾರೆ. ಒಂದು ಅಕ್ಷರ ಸಾಲದಿದ್ದರೆ ಎರಡು. ಹಳೇ ಗಾಡಿಗಳ ನಂಬರ್ ಬದಲಾಗೋದಿಲ್ಲ, ಹೊಸದಕ್ಕೆ ಜಾಗ ಸಿಗ್ತದೆ.

ಈಗ ಪಾರ್ಕಿಂಗ್‌ನಲ್ಲಿ ಒಬ್ಬರು ಕೊನೆಯ ನಾಲ್ಕು ಅಂಕಿ ಮಾತ್ರ ಬರೆದುಕೊಂಡರು ಅಂತ ಇಟ್ಕೊಳ್ಳಿ. ಮುಂಡರಗಿಯ ಬೈಕೂ 1234, ಲಕ್ಷ್ಮೇಶ್ವರದ ಬೈಕೂ 1234. ಯಾರ ಬೈಕ್ ಯಾರ ಕೈಗೆ? ನಂಬರ್ ಉದ್ದ ಮಾಡಿದರೆ ಸಾಲದು, ಅದನ್ನು ಬರೆದಿಡುವ ಪ್ರತಿ ಪುಸ್ತಕದಲ್ಲೂ ಜಾಗ ಆಗಬೇಕು.

ಮೂರು ಕಡೆ ರಿಪೇರಿ

2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4ರಲ್ಲಿ ಯುಐಡಿ 32 ಬಿಟ್ ಆಯಿತು. ಸುಮಾರು 429 ಕೋಟಿ ನಂಬರ್! ಈ ಬದಲಾವಣೆಯ ಟಿಪ್ಪಣಿಯನ್ನು ಕ್ರಿಸ್ ವಿಂಗ್ ಬರೆದಿದ್ದು, ಅದು ಕರ್ನಲ್ ದಾಖಲೆಗಳ ಜೊತೆಗೇ ಬಂತು. ಕೆಲಸ ಮುಖ್ಯವಾಗಿ ಮೂರು ಕಡೆ ಇತ್ತು.

ಒಂದು, ಕರ್ನಲ್ ಒಳಗೆ. ಇಲ್ಲಿ ಡೇಟಾ ಟೈಪ್ ಬದಲಿಸಿದರೆ ಬಹಳಷ್ಟು ಮುಗೀತು.

ಎರಡು, ಹಳೇ ಪ್ರೋಗ್ರಾಮ್‌ಗಳು. ಅವು 16 ಬಿಟ್ ಉತ್ತರಕ್ಕೇ ಕಂಪೈಲ್ ಆಗಿದ್ದವು. ಅದಕ್ಕೆ ಹಳೇ ಸಿಸ್ಟಮ್ ಕಾಲ್‌ಗಳನ್ನು ಹಾಗೇ ಇಟ್ಟು, ಪಕ್ಕದಲ್ಲಿ ಗೆಟ್‌ಯುಐಡಿ32, ಚೌನ್32 ಅಂತ ಹೊಸವನ್ನು ಸೇರಿಸಿದರು.

ಮೂರು, ಡಿಸ್ಕ್. ಇಎಕ್ಸ್‌ಟಿ2 ಫೈಲ್ ಸಿಸ್ಟಮ್‌ನ ಐನೋಡ್‌ನಲ್ಲಿ ಮಾಲೀಕನಿಗೆ 16 ಬಿಟ್ ಜಾಗ ಮಾತ್ರ. ಅದನ್ನು ಹಿಗ್ಗಿಸಿದರೆ ಹಿಂದಿನ ಫೀಲ್ಡ್‌ಗಳೆಲ್ಲ ಸರೀತವೆ, ಹಳೇ ಡಿಸ್ಕ್ ಓದೋಕಾಗಲ್ಲ. ಪುಣ್ಯಕ್ಕೆ ಐನೋಡ್‌ನ ಕೊನೆಗೆ ಕಾಯ್ದಿರಿಸಿದ ಖಾಲಿ ಜಾಗ ಇತ್ತು. ಮೇಲಿನ 16 ಬಿಟ್ ಅಲ್ಲಿ ಹೋಗಿ ಕುಂತವು.

ಎರಡು ಗುಂಡಿಗಳು

ಮೊದಲನೆಯದು ಭಯಂಕರ. 65,536 ನಂಬರಿನ ಯೂಸರ್ ಇದ್ದಾನೆ. ಹಳೇ ಪ್ರೋಗ್ರಾಮ್ ಅವನ ನಂಬರ್ ಕೇಳ್ತದೆ. ಮೇಲಿನ ಬಿಟ್ ಕತ್ತರಿಸಿ ಕೊಟ್ಟರೆ ಉಳಿಯೋದು 0. ಅಂದ್ರ ರೂಟ್! ಸಾಮಾನ್ಯ ವಿದ್ಯಾರ್ಥಿಯನ್ನೇ ಇಡೀ ಸರ್ವರ್‌ನ ಒಡೆಯ ಅಂತ ಆ ಪ್ರೋಗ್ರಾಮ್ ನಂಬ್ತದೆ. ಅದಕ್ಕೇ ಕರ್ನಲ್ ಕತ್ತರಿಸೋದಿಲ್ಲ. 16 ಬಿಟ್‌ನಲ್ಲಿ ಹಿಡಿಯದ ನಂಬರ್‌ಗೆಲ್ಲ 65,534 ಅಂತ ಉತ್ತರ ಕೊಡ್ತದೆ. ಇದಕ್ಕೆ ಓವರ್‌ಫ್ಲೋ ಯುಐಡಿ ಅಂತಾರೆ. ಉತ್ತರ ಸುಳ್ಳೇ, ಆದ್ರ ಅಪಾಯ ಇಲ್ಲದ ಸುಳ್ಳು.

ಎರಡನೆಯದು -1. ಚೌನ್ ಕಾಲ್‌ಗೆ -1 ಕೊಟ್ಟರೆ “ಮಾಲೀಕನನ್ನು ಬದಲಿಸಬೇಡ” ಎಂದರ್ಥ. 16 ಬಿಟ್‌ನಲ್ಲಿ -1 ಬರೆದರೆ 65,535 ಆಗ್ತದೆ. ಅದನ್ನು ಸುಮ್ಮನೆ 32 ಬಿಟ್‌ಗೆ ಹಾಕಿದರೆ ಅದು 65,535 ಆಗಿಯೇ ಉಳೀತದೆ, ಫೈಲ್ ಆ ನಂಬರಿನವನ ಪಾಲಾಗ್ತದೆ. ಹಾಗಾಗಿ ಹಳೇ ಕಾಲ್‌ನಿಂದ 65,535 ಬಂದರೆ ಕರ್ನಲ್ ಅದನ್ನು ಗುರುತಿಸಿ 32 ಬಿಟ್‌ನ -1 ಮಾಡ್ತದೆ.

ಇವತ್ತು ನಮಗೇನು?

ಉಬುಂಟುವಿನಲ್ಲಿ ಇಟಿಸಿ ಡೈರೆಕ್ಟರಿಯ ಸಬ್‌ಯುಐಡಿ ಫೈಲ್ ತೆರೆದು ನೋಡ್ರಿ. ಸಾಮಾನ್ಯವಾಗಿ ನಿಮ್ಮ ಹೆಸರಿನ ಮುಂದೆ 100000, ಆಮೇಲೆ 65536 ಅಂತ ಇರ್ತದೆ. ಕಂಟೇನರ್‌ಗಳಿಗಾಗಿ ನಿಮ್ಮೊಬ್ಬರಿಗೇ ಅಷ್ಟು ನಂಬರ್ ತೆಗೆದಿಟ್ಟಿದ್ದಾರೆ. ಒಂದು ಕಾಲಕ್ಕೆ ಇಡೀ ಸಿಸ್ಟಮ್‌ಗೆ ಇದ್ದಷ್ಟು!

ಸಿ ಭಾಷೆಯಲ್ಲಿ ಒಂದು ಅನ್‌ಸೈನ್ಡ್ ಶಾರ್ಟ್ ವೇರಿಯೇಬಲ್‌ಗೆ 65536 ಹಾಕಿ ಪ್ರಿಂಟ್ ಮಾಡ್ರಿ. 0 ಬರ್ತದೆ. ಆಮೇಲೆ -1 ಹಾಕಿ ನೋಡ್ರಿ.

ಮುಂದಿನ ಸಲ ಪ್ರಾಜೆಕ್ಟ್‌ನ ಡೇಟಾಬೇಸ್‌ನಲ್ಲಿ ಐಡಿ ಕಾಲಮ್ ಮಾಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ನಂಬರ್ ಎಲ್ಲೆಲ್ಲಿ ಉಳೀತದೆ? ಹಿಡಿಯದಿದ್ದರೆ ಏನಾಗ್ತದೆ? ಮುಂದೆ ಬರೋರಿಗೆ ಸ್ವಲ್ಪ ಖಾಲಿ ಜಾಗ ಬಿಟ್ಟೀವಾ?