ಗುರುವಿಲ್ಲದ ಊರಿನಲ್ಲಿ ಬುದ್ಧನ ಮಾರ್ಗ

ನಾರಾಯಣಪೇಟೆ, ಮಖ್ತಲ್, ಗದ್ವಾಲಗಳ ಕನ್ನಡ ವಿದ್ಯಾರ್ಥಿಗಳು ಬುದ್ಧದೇವನ ಚರಿತ್ರೆಯನ್ನು ಪಾಠದಲ್ಲಿ ಓದುತ್ತಾರೆ. ವಿಹಾರವಾಗಲಿ ಭಿಕ್ಷುಗಳಾಗಲಿ ಇಲ್ಲದ ಊರಿನಲ್ಲಿದ್ದು ಆ ಮಾರ್ಗದಲ್ಲಿ ನಡೆಯಲು ಸಾಧ್ಯವೇ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ. ಇದು ಬರಿಯ ತರ್ಕದ ಪ್ರಶ್ನೆಯಲ್ಲ. 1956ನೆಯ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾಕ್ಟರ್ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಎಂಟು ವಾರ ತುಂಬುವ ಮೊದಲೇ, ಡಿಸೆಂಬರ್ 6ರಂದು, ನಿಧನ ಹೊಂದಿದರು. ಹಳ್ಳಿಗಳಿಗೆ ಮರಳಿದ ಅನೇಕ ಕುಟುಂಬಗಳಿಗೆ ದಾರಿ ತೋರುವ ಗುರು ಸಮೀಪದಲ್ಲಿರಲಿಲ್ಲ.

ಈ ಕಷ್ಟವು ಬುದ್ಧನ ಕಾಲದಲ್ಲಿಯೂ ಇತ್ತು. ಅವಂತಿ ದೇಶದ ಸೋಣನೆಂಬ ಗೃಹಸ್ಥನು ಭಿಕ್ಷುವಾಗಲು ಬಯಸಿದನು. ಪೂರ್ಣ ಭಿಕ್ಷುದೀಕ್ಷೆಗೆ ಹತ್ತು ಮಂದಿ ಭಿಕ್ಷುಗಳು ಸೇರಬೇಕೆಂಬುದು ನಿಯಮ. ಅಷ್ಟು ಮಂದಿಯನ್ನು ಕೂಡಿಸಲು ಮೂರು ವರ್ಷಗಳು ಹಿಡಿದವೆಂದು ವಿನಯಪಿಟಕವು ತಿಳಿಸುತ್ತದೆ. ಬಳಿಕ ಸೋಣನು ತನ್ನ ಗುರುವಾದ ಮಹಾಕಾತ್ಯಾಯನನ ಪರವಾಗಿ ಬುದ್ಧನಲ್ಲಿ ಬಿನ್ನವಿಸಲು, ಗಡಿನಾಡುಗಳಲ್ಲಿ ಐವರು ಸೇರಿದರೂ ಸಾಕೆಂದೂ, ಅವರಲ್ಲಿ ವಿನಯವನ್ನು ಬಲ್ಲವನೊಬ್ಬನು ಇರಬೇಕೆಂದೂ ಅಪ್ಪಣೆಯಾಯಿತು. ಗಡಿನಾಡಿನವರಾದ ನಾವು ಇದನ್ನು ಗಮನಿಸಬೇಕು. ಬುದ್ಧನು ಸಂಖ್ಯೆಯನ್ನು ಸಡಿಲಿಸಿದನು. ಬಲ್ಲವರ ಸಂಗವನ್ನು ಬಿಟ್ಟುಕೊಡಲಿಲ್ಲ.

ಇನ್ನೊಂದು ಸಾಕ್ಷಿ ನಮ್ಮ ನೆರೆಯಲ್ಲಿಯೇ ಇದೆ. 1956ರವರೆಗೆ ಗದ್ವಾಲವನ್ನೂ ಒಳಗೊಂಡಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ, ಅಶೋಕನ ಹೆಸರನ್ನೇ ಹೇಳುವ ಶಿಲಾಶಾಸನವು ಬೆಳಕಿಗೆ ಬಂದಿತು. ಇದೇ ಶಾಸನವು ಬ್ರಹ್ಮಗಿರಿ ಮೊದಲಾದ ಕಡೆಗಳಲ್ಲಿಯೂ ಉಂಟು. ಇವನ್ನು ಕೂಡಿಸಿ ಓದಿದರೆ, ಚಕ್ರವರ್ತಿಯು ತಾನು ಉಪಾಸಕನಾದ ಮೊದಲಲ್ಲಿ ಹೆಚ್ಚು ಶ್ರಮಿಸಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆ ಉತ್ಸಾಹದಿಂದ ಶ್ರಮಿಸಿದೆನೆಂದೂ ಒಪ್ಪಿಕೊಂಡಿರುವುದು ಕಾಣುತ್ತದೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯನಿಗೂ ಲಭ್ಯವೆಂದು ಅದೇ ಶಾಸನವು ಸಾರುತ್ತದೆ.

ಆದುದರಿಂದ ಆರಂಭಕ್ಕೆ ಯಾರನ್ನೂ ಕಾಯಬೇಕಾಗಿಲ್ಲ. ಕೊಲ್ಲದಿರುವುದು, ಕದಿಯದಿರುವುದು, ವ್ಯಭಿಚಾರ ಮಾಡದಿರುವುದು, ಸುಳ್ಳಾಡದಿರುವುದು, ಮದ್ಯಪಾನ ಮಾಡದಿರುವುದು ಎಂಬ ಪಂಚಶೀಲಗಳನ್ನು ಮನೆಯಲ್ಲಿಯೇ ಪಾಲಿಸಬಹುದು. ಉಸಿರನ್ನು ಗಮನಿಸುತ್ತ ಕೆಲಹೊತ್ತು ಸುಮ್ಮನೆ ಕುಳಿತಿರಲು ವಿಹಾರವೇ ಬೇಕೆಂದಿಲ್ಲ.

ಆದರೆ ಒಬ್ಬನೇ ಓದುವವನು ತನಗೆ ರುಚಿಸಿದ್ದನ್ನೇ ಹಿಡಿಯುತ್ತಾನೆ, ತಪ್ಪಿದರೆ ತಿದ್ದುವವರಿಲ್ಲ. ಸನ್ಮಿತ್ರರ ಸಂಗವು ಧರ್ಮಜೀವನದ ಅರ್ಧಭಾಗವೆಂದ ಆನಂದನಿಗೆ, ಅರ್ಧವಲ್ಲ, ಅದು ಪೂರ್ಣವೆಂದು ಬುದ್ಧನು ಹೇಳಿದನಂತೆ. ಆದಕಾರಣ ಓದುವಾಗ ಹುಟ್ಟಿದ ಸಂಶಯಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಕಲಬುರ್ಗಿಯ ಬುದ್ಧವಿಹಾರದಂತಹ ಸ್ಥಳಗಳಿಗೆ ಹೋದಾಗ ಬಲ್ಲವರನ್ನು ಕೇಳಿ ತಿಳಿಯಬೇಕು. ಅಲ್ಲಿಯವರೆಗೆ ಮನೆಯಲ್ಲಿ ಇಬ್ಬರಾದರೂ ಸೇರಿ, ಹುಣ್ಣಿಮೆಗೊಮ್ಮೆ ತಮ್ಮ ನಡತೆಯನ್ನು ಪರಸ್ಪರ ವಿಚಾರಿಸಿಕೊಳ್ಳಲಿ. ತಾನು ಆಡಿದ ಸುಳ್ಳನ್ನು ಮಗನ ಮುಂದೆ ಒಪ್ಪಿಕೊಳ್ಳುವ ತಂದೆಯೂ, ತಂದೆಯ ಮುಂದೆ ಒಪ್ಪಿಕೊಳ್ಳುವ ಮಗನೂ ಒಬ್ಬರಿಗೊಬ್ಬರು ಸನ್ಮಿತ್ರರೇ ಅಲ್ಲವೇ?