ಕಡಲ ನೀರು, ಕಡಲ ಜೀವ: ಮುಂಬಯಿ ದಂಡೆಯಲ್ಲೊಂದು ಪಾಠ

ನಮ್ಮ ಸಂಘದ ಕವಿಗೋಷ್ಠಿಗಳಲ್ಲಿ ಕಡಲು ಬಾರದ ಸಂಜೆಯೇ ಇಲ್ಲ. ಅದು ಭೋರ್ಗರೆಯುತ್ತದೆ, ವಿರಹಿಯ ಜೊತೆ ನಿಟ್ಟುಸಿರು ಬಿಡುತ್ತದೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅನಂತವಾಗಿಬಿಡುತ್ತದೆ. ಒಳ್ಳೆಯದೇ. ಆದರೆ ಆ ನೀರಿನಲ್ಲಿ ಏನಿದೆ, ಅದರೊಳಗೆ ಯಾರಿದ್ದಾರೆ ಅಂತ ಕೇಳಿದರೆ ನಮ್ಮ ಕವಿಗಳೂ ವಿಮರ್ಶಕರೂ ಒಟ್ಟಾಗಿ "ಉಪ್ಪು, ಮೀನು" ಎಂದು ಎರಡು ಮಾತಿನಲ್ಲಿ ಮುಗಿಸ್ತಾರೆ. ರಸಾಯನಶಾಸ್ತ್ರ ಕಲಿಸುತ್ತ, ಸಂಘದ ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ನನಗೆ ಈ ಎರಡು ಮಾತುಗಳನ್ನು ತುಸು ಬಿಡಿಸಿ ಹೇಳಬೇಕೆನಿಸಿದೆ.

ಹೇಳುವುದು ಮುಖ್ಯವಾಗಿ ಒಂದೇ ವಿಷಯ. ಕಡಲೆಂಬುದು ಒಂದೇ ಮನೆಯಲ್ಲ. ನೀರಿನ ಉಪ್ಪು, ನೀರಿನಲ್ಲಿ ಕರಗಿದ ಗಾಳಿ, ಆ ನೀರು ದಿನಕ್ಕೆ ಎಷ್ಟು ಹೊತ್ತು ಒಂದು ಜಾಗದಲ್ಲಿ ಇರುತ್ತದೆ ಎಂಬ ಲೆಕ್ಕ, ಈ ಮೂರು ಸೇರಿ ಯಾವ ಜೀವಿಗೆ ಎಲ್ಲಿ ಬಿಡಾರವೆಂದು ಗೊತ್ತುಮಾಡುತ್ತವೆ. ಮುಂಬಯಿಯಲ್ಲಿ ಖೋಲಿಗಾಗಿ ಅಲೆದವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ.

೧. ಉಪ್ಪು ಎಂದರೆ ಯಾವ ಉಪ್ಪು?

ಒಂದು ಕಿಲೋ ಕಡಲ ನೀರನ್ನು ಪೂರ್ತಿ ಬತ್ತಿಸಿದರೆ ತಳದಲ್ಲಿ ಸುಮಾರು ೩೫ ಗ್ರಾಂ ಉಪ್ಪು ಉಳಿಯುತ್ತದೆ. ಅದರಲ್ಲಿ ಕ್ಲೋರೈಡ್ ನೂರಕ್ಕೆ ೫೫ರಷ್ಟು, ಸೋಡಿಯಂ ೩೦ಕ್ಕಿಂತ ತುಸು ಹೆಚ್ಚು. ಇವೆರಡೂ ಕೂಡಿದರೆ ನಮ್ಮ ಅಡಿಗೆ ಉಪ್ಪು. ಮಿಕ್ಕದ್ದು ಬಹುಪಾಲು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಈ ಆರೇ ಸೇರಿ ನೂರಕ್ಕೆ ೯೯ಕ್ಕೂ ಮಿಕ್ಕಿ ಆಗುತ್ತದೆ.

೧೮೭೨ರಿಂದ ೧೮೭೬ರ ವರೆಗೆ 'ಚಾಲೆಂಜರ್' ಎಂಬ ಬ್ರಿಟಿಷ್ ಹಡಗು ಲೋಕದ ಸಾಗರಗಳನ್ನೆಲ್ಲ ಸುತ್ತಿ ನೀರು ತುಂಬಿಕೊಂಡು ಬಂತು. ವಿಲಿಯಂ ಡಿಟ್‌ಮಾರ್ ಎಂಬ ರಸಾಯನಶಾಸ್ತ್ರಜ್ಞ ಅದರಲ್ಲಿ ೭೭ ಮಾದರಿಗಳನ್ನು ಪರೀಕ್ಷಿಸಿ ೧೮೮೪ರಲ್ಲಿ ಫಲಿತಾಂಶ ಪ್ರಕಟಿಸಿದ. ಒಟ್ಟು ಉಪ್ಪು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಇದ್ದೀತು. ಆದರೆ ಈ ಆರರ ನಡುವಿನ ಪ್ರಮಾಣ ಮಾತ್ರ ಎಲ್ಲ ಸಾಗರಗಳಲ್ಲೂ ಹೆಚ್ಚುಕಡಿಮೆ ಒಂದೇ ಎಂದು ತಿಳಿಯಿತು. ನೆಂಟರು ಬಂದರೆಂದು ಸಾರಿಗೆ ನೀರು ಬೆರೆಸಿದ ಹಾಗೆ. ಸಾರು ತೆಳ್ಳಗಾದೀತು, ಮಸಾಲೆಯ ಹದ ಬದಲಾಗದು. ನಮ್ಮ ಅರಬ್ಬೀ ಸಮುದ್ರದಲ್ಲಿ ಆವಿಯಾಗುವುದು ಹೆಚ್ಚು, ಬಂದು ಸೇರುವ ನದಿನೀರು ಕಡಿಮೆ. ಆದ್ದರಿಂದ ಗಂಗೆ, ಬ್ರಹ್ಮಪುತ್ರೆಗಳನ್ನು ಕುಡಿಯುವ ಬಂಗಾಳ ಕೊಲ್ಲಿಗಿಂತ ಅದರ ಮೇಲುನೀರು ಹೆಚ್ಚು ಉಪ್ಪು.

ಮುಲುಂಡ್, ಭಾಂಡುಪ್, ಭಾಯಂದರ್ ಕಡೆಯ ಮಿಠಾಗರಗಳಲ್ಲಿ ದುಡಿದವರಿಗೆ ಈ ಆರು ಅಂಶಗಳ ಹೆಸರು ತಿಳಿಯದಿದ್ದರೂ ಗುಣ ತಿಳಿದಿತ್ತು. ಭರತದ ನೀರನ್ನು ಕಟ್ಟಿಹಾಕಿ, ಮಡಿಯಿಂದ ಮಡಿಗೆ ಹಾಯಿಸಿ ಬಿಸಿಲಿಗೆ ಒಣಗಿಸಿದಾಗ ಮೊದಲು ಸುಣ್ಣದ ಅಂಶ ಕೆಳಗಿಳಿಯುತ್ತದೆ, ಆಮೇಲೆ ಜಿಪ್ಸಂ, ಅದಾದ ಮೇಲೆ ಉಪ್ಪು. ಕಟ್ಟಕಡೆಗೆ ಉಳಿಯುವ ನೀರಿನಲ್ಲಿ ಮೆಗ್ನೀಸಿಯಂ ತುಂಬಿರುತ್ತದೆ. ಅದು ಕಹಿ, ಚೆಲ್ಲಬೇಕು. ಎಲ್ಲಿ ನಿಲ್ಲಿಸಬೇಕೆಂಬುದೇ ಉಪ್ಪು ಮಾಡುವವನ ವಿದ್ಯೆ.

ಇನ್ನೊಂದು ಪ್ರಶ್ನೆ. ನದಿಗಳು ಕಡಲಿಗೆ ಹೊತ್ತು ತರುವುದರಲ್ಲಿ ಸೋಡಿಯಂಗಿಂತ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶವೇ ಹೆಚ್ಚು. ಆದರೆ ಕಡಲಲ್ಲಿ ಅದು ಸ್ವಲ್ಪವೇ ಇದೆ. ಎಲ್ಲಿ ಹೋಯಿತು? ಮರುವಾಯಿ ತನ್ನ ಚಿಪ್ಪಿಗೆ ತಕ್ಕೊಂಡಿತು, ಹವಳ ತನ್ನ ಮನೆಗೆ, ಕಣ್ಣಿಗೆ ಕಾಣದ ತೇಲುಜೀವಿಗಳು ತಮ್ಮ ಕವಚಕ್ಕೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದುದು ನಿಮಗೆ ಗೊತ್ತು. ಅಜ್ಜಿಯ ವೀಳ್ಯದೆಲೆಗೆ ಸವರಿದ ಸುಣ್ಣ ಯಾವುದೋ ಗುಡ್ಡದಿಂದ ನದಿಗಿಳಿದು, ಕಡಲು ಸೇರಿ, ಚಿಪ್ಪಾಗಿ ಮತ್ತೆ ದಡಕ್ಕೆ ಬಂದದ್ದು. ಕಡಲು ಜೀವಿಗಳನ್ನು ಸಾಕುವುದಷ್ಟೇ ಅಲ್ಲ, ಜೀವಿಗಳೂ ಕಡಲ ನೀರಿನ ಹದವನ್ನು ಕಾಯುತ್ತವೆ.

೨. ಉಪ್ಪಿನಕಾಯಿಯ ಸಮಸ್ಯೆ

ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದರೆ ಏನಾಗುತ್ತದೆ? ಒಳಗಿನ ನೀರು ಹೊರಗೆ ಬಂದು ಮಿಡಿ ಸುಕ್ಕಾಗುತ್ತದೆ. ಹಾಗಿದ್ದರೆ ಹುಟ್ಟಿದಾರಭ್ಯ ಉಪ್ಪು ನೀರಿನಲ್ಲೇ ಇರುವ ಬಂಗುಡೆ ಯಾಕೆ ಸುಕ್ಕಾಗುವುದಿಲ್ಲ?

ಬಂಗುಡೆಯ ರಕ್ತದಲ್ಲಿರುವ ಉಪ್ಪು ಕಡಲ ನೀರಿನದರ ಸುಮಾರು ಮೂರನೇ ಒಂದು ಪಾಲು. ಅದರ ಮೈಯಿಂದ ನೀರು ಸದಾ ಹೊರಗೆ ಸೋರುತ್ತಲೇ ಇರುತ್ತದೆ. ಆದ್ದರಿಂದ ಅದು ಕಡಲ ನೀರನ್ನೇ ಕುಡಿಯುತ್ತದೆ. ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ನೀರಿನಲ್ಲಿದ್ದೂ ಬಾಯಾರಿದ ಪ್ರಾಣಿ ಅದು! ತಾಟೆ, ಅಂದರೆ ಶಾರ್ಕ್, ಬೇರೆ ಉಪಾಯ ಹೂಡಿದೆ. ನಾವು ಮೂತ್ರದಲ್ಲಿ ಹೊರಹಾಕುವ ಯೂರಿಯವನ್ನು ಅದು ರಕ್ತದಲ್ಲೇ ಉಳಿಸಿಕೊಂಡು ಹೊರಗಿನ ನೀರಿಗೆ ಸರಿಸಾಟಿಯಾಗುತ್ತದೆ. ತಾಟೆಯ ಮಾಂಸ ಸ್ವಲ್ಪ ಹಳತಾದರೆ ಅಮೋನಿಯದ ಘಾಟು ಬರುವುದು ಇದರಿಂದಲೇ. ಕಡಲ ಹೂ, ಮರುವಾಯಿ ಮೊದಲಾದವಕ್ಕೆ ಈ ರಗಳೆಯಿಲ್ಲ. ಅವುಗಳ ಒಳನೀರಿನ ಉಪ್ಪೂ ಹೊರನೀರಿನ ಉಪ್ಪೂ ಒಂದೇ ಮಟ್ಟದವು. ಆದರೆ ಆಷಾಢದ ಮಳೆ ಹೊಡೆದು ದಂಡೆಯ ನೀರು ತೆಳ್ಳಗಾದಾಗ ಅವಕ್ಕೆ ಕಷ್ಟಕಾಲ. ಮರುವಾಯಿ ಚಿಪ್ಪನ್ನು ಬಿಗಿಯಾಗಿ ಮುಚ್ಚಿ ಕಾಯುತ್ತದೆ. ಮುಚ್ಚಲು ಬಾಗಿಲಿಲ್ಲದವು ಮಳೆನೀರು ನುಗ್ಗುವ ಕಡೆ ಮನೆ ಮಾಡುವುದೇ ಇಲ್ಲ.

೩. ನೀರಿನೊಳಗಿನ ಉಸಿರು

ಒಂದು ಲೀಟರ್ ಗಾಳಿಯಲ್ಲಿ ೨೫೦ ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕವಿದೆ. ನಮ್ಮಲ್ಲಿಯಂತೆ ೩೦ ಡಿಗ್ರಿ ಬಿಸಿಯಿರುವ ಒಂದು ಲೀಟರ್ ಕಡಲ ನೀರಿನಲ್ಲಿ ಕರಗಿ ನಿಲ್ಲುವುದು ಬರೇ ೬ ಮಿಲಿಗ್ರಾಂ. ನೀರು ಬಿಸಿಯಾದಷ್ಟೂ, ಉಪ್ಪಾದಷ್ಟೂ ಇದು ಕಡಿಮೆಯಾಗುತ್ತದೆ. ಇಷ್ಟು ಬಡ ಗಂಟಿನಲ್ಲಿ ಮೀನೂ ಬದುಕಬೇಕು, ಏಡಿಯೂ ಬದುಕಬೇಕು. ಅದರೊಳಗೆ ನಗರದ ಕೊಳೆನೀರು ಬಂದು ಬಿದ್ದರೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯಗಳೇ ಇದ್ದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ.

ಮಾಹಿಮ್ ಮತ್ತು ಬಾಂದ್ರಾ ನಡುವೆ ರೈಲು ಮೀಠಿ ನದಿಯನ್ನು ದಾಟುವಾಗ ಡಬ್ಬಿಯಲ್ಲಿರುವವರು ಮೂಗಿಗೆ ಕರವಸ್ತ್ರ ಹಿಡಿಯುವುದನ್ನು ನೋಡಿದ್ದೀರಿ. ಆ ಕೊಳೆತ ಮೊಟ್ಟೆಯ ವಾಸನೆ ಎಲ್ಲಿಂದ ಬಂತು? ಮೊದಲು ಹೇಳಿದ ಆರು ಅಂಶಗಳಲ್ಲಿ ಸಲ್ಫೇಟ್ ಇತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಆಮ್ಲಜನಕ ಮುಗಿದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಗಳು ಈ ಸಲ್ಫೇಟನ್ನೇ ಬಳಸಿ ಬದುಕುತ್ತವೆ. ಅವು ಬಿಡುವುದು ಹೈಡ್ರೋಜನ್ ಸಲ್ಫೈಡ್. ಬಹುಮಟ್ಟಿಗೆ ಕೊಳೆ ನಮ್ಮದು, ಗಂಧಕ ಕಡಲಿನದು.

೪. ಭರತ, ಇಳಿತ

ಮುಂಬಯಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು ೫೦ ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಅದಕ್ಕೆ ಇಲ್ಲಿನ ಕೋಳಿ ಮೀನುಗಾರರು 'ಉಧಾಣ' ಅಂತಾರೆ, ಸಪ್ಪೆ ದಿನಗಳ ಸಣ್ಣ ಏರಿಳಿತಕ್ಕೆ 'ಭಾಂಗ್'. ಮಂಗಳೂರಿನಲ್ಲಿ ಏರಿಳಿತದ ಅಂತರ ಎರಡು ಮೀಟರ್ ಮೀರುವುದಿಲ್ಲ. ಮುಂಬಯಿಯಲ್ಲಿ ಉಧಾಣದ ದಿನ ನಾಲ್ಕು ಮೀಟರ್ ದಾಟುವುದುಂಟು. ಇಲ್ಲಿ ಕಡಲ ತಳದ ಮೆಟ್ಟಿಲು ಬಹಳ ಅಗಲ, ಉತ್ತರಕ್ಕೆ ಖಂಭಾತ ಕೊಲ್ಲಿ ಆಲಿಕೆಯಂತೆ ಕಿರಿದಾಗುತ್ತ ಹೋಗುತ್ತದೆ. ನೀರು ಒತ್ತಿಕೊಂಡು ಏರುತ್ತದೆ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರ್ ಮೀರುವ ಭರತದ ದಿನಗಳನ್ನು ಮಹಾನಗರಪಾಲಿಕೆ ಮೊದಲೇ ಸಾರುವುದು ಇದೇ ಕಾರಣಕ್ಕೆ. ಅಂಥ ಹೊತ್ತಿನಲ್ಲೇ ಮಳೆ ಜೋರಾದರೆ ಚರಂಡಿಯ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ.

ನಮಗೆ ತೊಂದರೆಯಾದ ಈ ಏರಿಳಿತವೇ ಕಡಲ ಜೀವಿಗಳಿಗೆ ಭಾಗ್ಯ. ಹಾಜಿ ಅಲಿ, ವರ್ಲಿ, ಬಾಂದ್ರಾ, ಜುಹು ಕಡೆಯ ಬಂಡೆಗಳಲ್ಲಿ ಇಳಿತದ ಹೊತ್ತಿಗೆ ಒಂದು ಅಗಲವಾದ ಲೋಕ ತೆರೆದುಕೊಳ್ಳುತ್ತದೆ.

೫. ಬಂಡೆಯ ಮಹಡಿಗಳು

ಎಲ್ಲಕ್ಕಿಂತ ಮೇಲೆ, ಅಲೆಯ ತುಂತುರು ಮಾತ್ರ ತಾಗುವಲ್ಲಿ, ಕಾಳಿನಷ್ಟು ದೊಡ್ಡ ಬಸವನಹುಳುಗಳು. ದಿನದ ಹೆಚ್ಚು ಹೊತ್ತು ಬಿಸಿಲಿನಲ್ಲಿ ಬೇಯಬಲ್ಲವರಿಗೆ ಮಾತ್ರ ಅಲ್ಲಿ ಜಾಗ. ಅದರ ಕೆಳಗೆ ಬಂಡೆಗೆ ಸಿಮೆಂಟಿನಂತೆ ಕಚ್ಚಿಕೊಂಡ ಬಾರ್ನಕಲ್‌ಗಳು, ಇನ್ನೂ ಕೆಳಗೆ ಬಂಡೆಗಂಟಿದ ಸಿಂಪಿಗಳು. ಇಳಿತದಲ್ಲೂ ನೀರು ನಿಲ್ಲುವ ಗುಂಡಿಗಳಲ್ಲಿ ಸನ್ಯಾಸಿ ಏಡಿ, ಸಿಗಡಿ, ಸಣ್ಣ ಮೀನು. ಕೊನೆಯ ಮಹಡಿಯಲ್ಲಿ, ತಿಂಗಳಿಗೆ ಕೆಲವೇ ದಿನ ಗಾಳಿಗೆ ತೆರೆದುಕೊಳ್ಳುವ ತಾವಿನಲ್ಲಿ, ಕಡಲ ಹೂಗಳು, ಹಾಸಿದ ಜಮಖಾನೆಯಂತೆ ಹರಡಿದ ಝೋಆಂಥಿಡ್‌ಗಳು, ಸ್ಪಂಜುಗಳು, ಚಿಪ್ಪಿಲ್ಲದ ಬಣ್ಣದ ಬಸವನಹುಳುಗಳು, ಅಪರೂಪಕ್ಕೆ ಒಂದು ಅಷ್ಟಪದಿ. ಹವಳವೂ ಉಂಟು. ಹೌದು, ಮುಂಬಯಿಯಲ್ಲಿ ಹವಳ!

೨೦೧೭ರಲ್ಲಿ ಶುರುವಾದ 'ಮರೀನ್ ಲೈಫ್ ಆಫ್ ಮುಂಬಯಿ' ಎಂಬ ನಾಗರಿಕರ ಬಳಗ ಇಳಿತದ ಹೊತ್ತಿನಲ್ಲಿ ಜನರನ್ನು ಕರೆದುಕೊಂಡು ಹೋಗಿ ಇವನ್ನೆಲ್ಲ ತೋರಿಸಿ, ದಾಖಲೆ ಮಾಡುತ್ತ ಬಂದಿದೆ. ಬಂಡೆಗಳು ಹೊಸದಾಗಿ ಬಂದದ್ದಲ್ಲ. ನಾವು ನೋಡಿರಲಿಲ್ಲ, ಅಷ್ಟೇ.

೬. ಖಾಡಿಯ ಕೆಸರು, ಬೊಂಬಿಲಿನ ಬಲೆ

ಬಂಡೆಯಲ್ಲಿ ನೀರು ಬಂದುಹೋಗುವ ಹೊತ್ತು ಮುಖ್ಯವಾದರೆ, ಠಾಣೆಯ ಖಾಡಿಯಲ್ಲಿ ಉಪ್ಪಿನ ಏರುಪೇರೇ ಮುಖ್ಯ. ಬೇಸಗೆಯಲ್ಲಿ ಅಲ್ಲಿ ಕಡಲಿನದೇ ಉಪ್ಪು, ಮಳೆಗಾಲದಲ್ಲಿ ನೀರು ಬಹಳ ಸಪ್ಪೆ. ಎರಡನ್ನೂ ತಾಳಿಕೊಂಡವು ಕಾಂಡ್ಲಾ ಮರಗಳು. ಇಲ್ಲಿ ಹೆಚ್ಚಾಗಿ ಕಾಣುವ, ಮರಾಠಿಯವರು 'ತಿವರ' ಎನ್ನುವ ಜಾತಿ ಹೆಚ್ಚಾದ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಎಲೆ ನೆಕ್ಕಿದರೆ ಉಪ್ಪು. ಕೆಸರಿನಲ್ಲಿ ಗಾಳಿಯಿಲ್ಲದ್ದರಿಂದ ಅದರ ಬೇರುಗಳು ಪೆನ್ಸಿಲುಗಳಂತೆ ಮೇಲಕ್ಕೆದ್ದು ಉಸಿರಾಡುತ್ತವೆ. ಕೆಳಗೆ ಕೆಸರಿನ ಮೇಲೆ ತೆವಳುವ, ಜಿಗಿಯುವ ನಿವಟಿ ಮೀನು. ಒಂದು ಕೊಂಬನ್ನು ಮಾತ್ರ ದೊಡ್ಡದು ಮಾಡಿಕೊಂಡ ಗಂಡು ಏಡಿ. ಕೆಸರಿನ ಪಾಚಿಗಾಗಿ ಬರುವ ಫ್ಲೆಮಿಂಗೊಗಳಿಂದ ೨೦೧೫ರಲ್ಲಿ ಈ ಖಾಡಿ ಅಭಯಾರಣ್ಯವಾಯಿತು, ೨೦೨೨ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ಮುಂಬಯಿಯ ಹೆಸರನ್ನೇ ಹೊತ್ತ ಬೊಂಬಿಲ್ ಮೀನನ್ನು ಹಿಡಿಯುವುದೂ ಈ ಏರಿಳಿತವನ್ನು ನಂಬಿಯೇ. ಕೋಳಿಗಳ 'ಡೋಲ್' ಬಲೆ ಮೀನನ್ನು ಅಟ್ಟಿಕೊಂಡು ಹೋಗುವುದಿಲ್ಲ. ದೊಡ್ಡ ಚೀಲದಂತೆ ಹರಿವಿಗೆ ಬಾಯಿ ತೆರೆದು ಕಡಲಲ್ಲಿ ನಿಂತಿರುತ್ತದೆ. ನೀರೇ ಮೀನನ್ನು ತಂದು ತುಂಬಿಸುತ್ತದೆ. ಹರಿವು ನಿಂತು ತಿರುಗುವ ಹೊತ್ತಿಗೆ ಬಲೆ ಎತ್ತಬೇಕು. ಮೈಯೆಲ್ಲ ನೀರೇ ಆದ ಈ ಮೀನನ್ನು ವರ್ಸೋವಾ, ಮಢ್ ಕಡೆ ಕಟ್ಟಿಗೆಯ ಅಟ್ಟಗಳಿಗೆ ನೇತುಹಾಕಿ ಒಣಗಿಸುತ್ತಾರೆ. ಹರಿವಿನ ದಿಕ್ಕು, ಜೋರು ಬದಲಾದರೆ ಕೆಡುವುದು ಬಲೆಯಲ್ಲ, ಒಂದು ಕೇರಿಯ ಸಂಸಾರ.

೭. ಇಷ್ಟೆಲ್ಲ ಯಾಕೆ ತಿಳಿಯಬೇಕು?

ಏಳು ದ್ವೀಪಗಳ ನಡುವಿನ ನೀರು ತುಂಬಿಸಿ ಕಟ್ಟಿದ ಊರು ಇದು. ತುಂಬಿಸುವ ಕೆಲಸ ನಿಂತಿಲ್ಲ. ೨೦೧೮ರಲ್ಲಿ ಶುರುವಾಗಿ, ೨೦೨೪ರ ಮಾರ್ಚಿನಲ್ಲಿ ಮೊದಲ ಭಾಗ ತೆರೆದ ಕರಾವಳಿ ರಸ್ತೆಗಾಗಿ ಹಾಜಿ ಅಲಿ, ವರ್ಲಿಯ ದಂಡೆಯಲ್ಲಿ ಕಡಲು ತುಂಬಿಸಿದರು. ಅಲ್ಲಿದ್ದ ಹವಳದ ೧೮ ಸಣ್ಣ ಗುಂಪುಗಳನ್ನು ೨೦೨೦ರಲ್ಲಿ ಕಿತ್ತು ಬೇರೆಡೆಗೆ ಸಾಗಿಸಿದರು, ಏಕೆಂದರೆ ಹವಳ ೧೯೭೨ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ. ಸ್ಪಂಜು, ಕಡಲ ಹೂಗಳಿಗೆ ಅಂಥ ಸಾಗಣೆ ಇರಲಿಲ್ಲ. ವರ್ಲಿಯ ಕೋಳಿಗಳು ತಮ್ಮ ದೋಣಿ ಹೊರಡುವ ದಾರಿಯಲ್ಲಿ ಸೇತುವೆಯ ಕಂಬಗಳ ನಡುವೆ ೬೦ ಮೀಟರ್ ಸಾಲದು, ೨೦೦ ಬೇಕೆಂದು ಹಟ ಹಿಡಿದರು. ಹಲವು ವರ್ಷಗಳ ಜಗ್ಗಾಟದ ನಂತರ ೨೦೨೨ರ ಕೊನೆಗೆ ೧೨೦ ಮೀಟರಿಗೆ ಒಪ್ಪಿಗೆಯಾಯಿತು.

ರಸ್ತೆ ಬೇಡವೆಂದು ನಾನು ಹೇಳ್ತಾ ಇಲ್ಲ. ಲೋಕಲ್ ಗಾಡಿಯಲ್ಲಿ ಜೋತಾಡುವವರಿಗೆ ರಸ್ತೆಯ ಬೆಲೆ ಗೊತ್ತು. ನನ್ನ ಮಾತು ಇಷ್ಟೇ: ನಕ್ಷೆಯಲ್ಲಿ ನೀಲಿ ಬಣ್ಣ ಬಳಿದ ಜಾಗ ಖಾಲಿ ಜಾಗವಲ್ಲ. ಒಂದು ಗೋಡೆ ನೀರನ್ನು ಒಂದು ಮೊಳ ಆಚೆ ನೂಕಿದರೆ ಒಂದು ಮಹಡಿಯವರಿಗೆ ಬಿಸಿಲು ಹೆಚ್ಚಾಗುತ್ತದೆ, ಇನ್ನೊಂದು ಮಹಡಿಯವರಿಗೆ ಉಸಿರು ಕಟ್ಟುತ್ತದೆ. ಕೋಳಿಗಳಿಗೆ ಬಾಯಿ ಇತ್ತು, ವಾದಿಸಿದರು. ಬಾರ್ನಕಲ್‌ನ ಪರವಾಗಿ ಅದನ್ನು ನೋಡಿ ಬಲ್ಲವರೇ ಮಾತಾಡಬೇಕು.

೮. ಅಭ್ಯಾಸ

(ಕ) ಭರತ-ಇಳಿತದ ಕೋಷ್ಟಕ ನೋಡಿ, ಮಳೆಗಾಲ ಕಳೆದ ಮೇಲೆ, ಹುಣ್ಣಿಮೆಯ ಮರುದಿನದ ಇಳಿತಕ್ಕೆ ಒಂದು ಗಂಟೆ ಮುಂಚೆ ಜುಹು ಅಥವಾ ಬಾಂದ್ರಾ ದಂಡೆಗೆ ಹೋಗಿ. ನೀರು ತಿರುಗುತ್ತಲೇ ಮರಳಿ ಬನ್ನಿ. ಯಾವುದನ್ನೂ ಕೀಳಬೇಡಿ, ಮಗುಚಿದ ಕಲ್ಲನ್ನು ಮೊದಲಿದ್ದಂತೆ ಇಡಿ. ನೀಲಿ ಗುಳ್ಳೆಯಂಥದ್ದು ಮರಳಿನಲ್ಲಿ ಬಿದ್ದಿದ್ದರೆ ಮುಟ್ಟಬೇಡಿ. ಸತ್ತ ಮೇಲೂ ಅದು ಕುಟುಕುತ್ತದೆ.

(ಖ) ಮೇಲಿಂದ ಕೆಳಕ್ಕೆ ನಾಲ್ಕು ಮಟ್ಟದಲ್ಲಿ ಯಾವ ಜೀವಿ ಕಂಡಿತೆಂದು ಬರೆದುಕೊಳ್ಳಿ. ಆ ಜಾಗದಲ್ಲಿ ಅದೇ ಯಾಕೆ ಇದೆ ಎಂಬುದಕ್ಕೆ ಒಂದೊಂದು ವಾಕ್ಯ.

(ಗ) ಇದು ಸಾಹಿತ್ಯದವರಿಗೆ. ೧೯೦೨ರಷ್ಟು ಹಿಂದೆಯೇ ಈ ಊರಿನಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ ಸಮಾಜ ನಮ್ಮ ನಡುವೆ ಇದೆ. ಅವರ ಮನೆಯ ಹಿರಿಯರನ್ನು ಕೇಳಿ, ಮೀನು, ಏಡಿ, ಚಿಪ್ಪು, ಗಾಳಿ, ನೀರಿನ ಹರಿವು ಇವುಗಳ ಹೆಸರುಗಳನ್ನು ಸಂಗ್ರಹಿಸಿ. ತೊರಕೆ, ಕಾಣೆ, ಮಾಂಜಿ, ಪಚ್ಚಿಲೆ ಎಂಬ ಮಾತುಗಳು ಅಡಿಗೆಮನೆಯಲ್ಲಿ ಉಳಿದಿವೆ, ನಮ್ಮ ಪದ್ಯಗಳಿಗೆ ಇನ್ನೂ ಬಂದಿಲ್ಲ. ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳನ್ನು ಬರೆದು ವಿಜ್ಞಾನ ಕನ್ನಡದಲ್ಲಿ ಸಲೀಸಾಗಿ ನಡೆಯುತ್ತದೆಂದು ಎಂದೋ ತೋರಿಸಿದ್ದಾರೆ. ಉಳಿದದ್ದು ನಮ್ಮ ಕೆಲಸ.

ಪಟ್ಟಿ ತಂದವರ ಬರಹಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಬೇಕೆಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ. ಹತ್ತು ಹೆಸರಾದರೂ ಇರಲಿ.